ಪಾದಚಾರಿ ಮಾರ್ಗವೂ ನಿಂತ ವಾಹನವೂ

ರಸ್ತೆಯ ಮಗ್ಗುಲಲ್ಲಿ ತುಸು ಎತ್ತರಿಸಿ ಕಟ್ಟಿದ ಪಾದಚಾರಿ ಮಾರ್ಗವು ನಡೆಯುವವರ ರಕ್ಷಣೆಗಾಗಿ ಇರತಕ್ಕದ್ದು. ಅದರ ಮೇಲೆ ವಾಹನವನ್ನು ನಿಲ್ಲಿಸುವವರು ಐದು ನಿಮಿಷದ ಮಾತೆಂದು ಎಣಿಸುವರು. ಗಟ್ಟಿಮುಟ್ಟಾದವರು ಕೆಳಗಿಳಿದು ಬಳಸಿ ಹೋಗುವರು, ನಿಜ. ಆದರೆ ಆ ಮಾರ್ಗದ ಅವಶ್ಯಕತೆಯು ಅಂಥವರಿಗಿಂತ ದುರ್ಬಲರಿಗೇ ಹೆಚ್ಚು.

ನಮ್ಮ ಜಿಲ್ಲೆಯ ಮುಖ್ಯಸ್ಥಳವಾದ ಗದಗದ ವೀರೇಶ್ವರ ಪುಣ್ಯಾಶ್ರಮವು ಅಂಧರಿಗೆ ಸಂಗೀತವಿದ್ಯೆಯನ್ನು ಕಲಿಸುವದರಲ್ಲಿ ನಾಡಿಗೆಲ್ಲ ಹೆಸರಾದುದು. ಪಂಚಾಕ್ಷರಿ ಗವಾಯಿಗಳೂ, ಅವರ ತರುವಾಯ 2010ರಲ್ಲಿ ತೀರಿಕೊಳ್ಳುವ ವರೆಗೆ ಪುಟ್ಟರಾಜ ಗವಾಯಿಗಳೂ, ತಾವು ದೃಷ್ಟಿಹೀನರಾಗಿದ್ದೇ ಅದನ್ನು ನಡಿಸಿದರು. ಇಂಥ ಜಿಲ್ಲೆಯವರಾದ ನಾವು ಅಂಧರ ನಡಿಗೆಯ ರೀತಿಯನ್ನು ಅರಿಯದಿರುವದು ಸಲ್ಲದು. ಅವರು ದಾರಿಯನ್ನು ನೆನಪಿನಿಂದ ನಡೆಯುವರು. ಕೈಯ ಬಿಳಿಯ ಕೋಲು ನೆಲವನ್ನು ತಡವಿ ಕಲ್ಲನ್ನೂ ಮೆಟ್ಟಿಲನ್ನೂ ತಿಳಿಸುವದು. ಆದರೆ ಎದೆಯ ಮಟ್ಟದಲ್ಲಿ ಚಾಚಿದ ಮೋಟಾರುಸೈಕಲ್ಲಿನ ಹಿಡಿಯನ್ನಾಗಲಿ, ಮುಖದ ಮಟ್ಟದ ಲಾರಿಯ ಕನ್ನಡಿಯನ್ನಾಗಲಿ ತಿಳಿಸಲಾರದು. ಬಳಸಿ ಹೋಗಲು ರಸ್ತೆಗಿಳಿದರೆ ಮಾರ್ಗದ ಅಂಚು ತಪ್ಪಿ ದಿಕ್ಕೇ ತಿಳಿಯದು. ಸದ್ದಿಲ್ಲದೆ ಬರುವ ವಿದ್ಯುತ್ ವಾಹನಗಳಿಂದ ಈ ಅಪಾಯವು ಇಮ್ಮಡಿಯಾಗಿದೆ.

ಗಾಲಿಕುರ್ಚಿಯವರಿಗೆ ಇಳಿಜಾರಿನ ಬಾಯಿಗೆ ನಿಂತ ಒಂದೇ ಸ್ಕೂಟರು ಗೋಡೆಗೆ ಸಮಾನ. ಮುದುಕರಿಗೂ ಗರ್ಭಿಣಿಯರಿಗೂ ಎತ್ತರದ ಅಂಚನ್ನು ಇಳಿದೇರುವದು ಕಷ್ಟ. ನಿಂತ ವಾಹನಗಳ ಸಂದಿನಿಂದ ರಸ್ತೆಗೆ ಬರುವ ಕೂಸು ಚಾಲಕನ ಕಣ್ಣಿಗೆ ಬೀಳುವದೇ ಇಲ್ಲ. ಇದಲ್ಲದೆ, ನಡಿಗೆಯ ಭಾರಕ್ಕೆಂದು ಹಾಸಿದ ಕಲ್ಲುಗಳು ಗಾಲಿಯ ಭಾರಕ್ಕೆ ಒಡೆದು, ವಾಹನವು ಹೋದ ಮೇಲೂ ಎಡವುವ ಕುಣಿಗಳಾಗಿ ಉಳಿಯುವವು.

ಲಂಡನ್ ನಗರಕ್ಕೆ 1974ರಲ್ಲಿಯೇ ಇದನ್ನು ನಿಷೇಧಿಸುವ ಶಾಸನವಾಯಿತು. ನಮ್ಮ ದೇಶದ 2017ರ ಮೋಟಾರು ವಾಹನ ಚಾಲನಾ ನಿಯಮಗಳೂ ಪಾದಚಾರಿ ಮಾರ್ಗದ ಮೇಲೆ ವಾಹನ ನಿಲ್ಲಿಸಕೂಡದೆಂದು ವಿಧಿಸಿವೆ. 2025ರ ಮೇ ತಿಂಗಳಲ್ಲಿ ಸುಪ್ರೀಮ್ ಕೋರ್ಟು ಅಂಥ ಮಾರ್ಗದ ಉಪಯೋಗವನ್ನು ಸಂವಿಧಾನದ 21ನೆಯ ಅನುಚ್ಛೇದದ ಜೀವಿಸುವ ಹಕ್ಕಿಗೇ ಸೇರಿಸಿತು. ಅಂಗವಿಕಲರಿಗೂ ಅದು ಅನುಕೂಲವಾಗಿರತಕ್ಕದ್ದೆಂದು ಹೇಳಿತು.

ಯಾವಗಲ್ಲಿನಂಥ ಹಳ್ಳಿಗಳಲ್ಲಿ ಕಟ್ಟಿದ ಮಾರ್ಗವೆಲ್ಲಿದೆ ಎಂದು ಕೆಲವರು ಕೇಳಬಹುದು. ಅಲ್ಲಿ ರಸ್ತೆಯ ಅಂಚೇ ಪಾದಚಾರಿ ಮಾರ್ಗ. ಟ್ರ್ಯಾಕ್ಟರಿನ ಟ್ರೇಲರನ್ನು ಆ ಅಂಚಿನಲ್ಲಿ ಬಿಟ್ಟರೆ ನಡೆಯುವವರಿಗೆ ನಡುರಸ್ತೆಯೊಂದೇ ಗತಿ.

ವಿದ್ಯಾರ್ಥಿನಿಯರೇ, ವಾಹನವು ತಂದೆಯದಾಗಲಿ ಅಣ್ಣನದಾಗಲಿ, ಅದನ್ನು ಎಲ್ಲಿ ನಿಲ್ಲಿಸಿದರೆಂದು ನೋಡಿರಿ. ತಪ್ಪಿದ್ದರೆ ವಿನಯದಿಂದ ತಿಳಿಸಿರಿ. ಕುರುಡರ ದಾರಿಯಲ್ಲಿ ಎಡವುಗಲ್ಲನ್ನು ಇಡುವದನ್ನು ಸತ್ಯವೇದದ ಯಾಜಕಕಾಂಡವು ನಿಷೇಧಿಸುತ್ತದೆ. ಆ ಕಲ್ಲಿಗೆ ಈಗ ಗಾಲಿಗಳು ಬಂದಿವೆ. ಆಜ್ಞೆಯು ಮಾತ್ರ ಬದಲಾಗಿಲ್ಲ.