ಗರಿಕೆಗೂ ಬಿತ್ತನೆ

ಹೊಲಕ್ಕೆ ಗರಿಕೆ ಹೊಕ್ಕಿತೆಂದರೆ ರೈತನ ನಿದ್ದೆ ಕೆಟ್ಟಂತೆ. ಉತ್ತಷ್ಟೂ ತುಂಡಾಗುತ್ತದೆ, ತುಂಡಾದಷ್ಟೂ ಚಿಗುರುತ್ತದೆ. ಬೇಸಿಗೆಯಲ್ಲಿ ಆಳವಾಗಿ ಉತ್ತು, ಬೇರು ಆಯ್ದು, ಒಣಗಿಸಿ ಸುಟ್ಟರೂ ಮೊದಲ ಮಳೆಗೆ ಎಲ್ಲೋ ಒಂದು ಗೆಣ್ಣು ಕಣ್ಣು ಬಿಡುತ್ತದೆ. ಅದೇ ಗರಿಕೆಯ ಬೀಜ ಪೇಟೆಯಲ್ಲಿ ಬರ್ಮುಡಾ ಗ್ರಾಸ್ ಎಂಬ ಹೆಸರು ಹೊತ್ತು ಪೊಟ್ಟಣದಲ್ಲಿ ಬಿಕರಿಯಾಗುತ್ತದೆ. ಗಣೇಶನಿಗೆ ಏರಿಸುವ ದೂರ್ವೆಯೂ ಇದೇ.

ಮನೆ ಮುಂದೆ ಲಾನ್ ಬೇಕೆಂದರೆ ನಮ್ಮಲ್ಲಿ ಹೆಚ್ಚಿನವರು ಚಾಪೆಯಂತೆ ಕತ್ತರಿಸಿ ತಂದ ಹುಲ್ಲನ್ನು ಹಾಸಿಸುತ್ತಾರೆ. ಬೆಳಿಗ್ಗೆ ಲಾರಿ ಬಂದರೆ ಸಂಜೆಗೆ ಅಂಗಳ ಹಸಿರು. ಬೀಜದ ದಾರಿಯಲ್ಲಿ ಖರ್ಚು ಕಡಿಮೆ, ಕಾಯುವುದು ಹೆಚ್ಚು. ಎಲ್ಲ ಹುಲ್ಲಿಗೂ ಈ ದಾರಿ ಇಲ್ಲ ಎಂಬುದೂ ನಿಜ. ಗಾಲ್ಫ್ ಮೈದಾನಗಳಲ್ಲಿ ಹೆಸರಾದ ಟಿಫ್‌ವೇ 419 ಎಂಬ ತಳಿ ಅಮೆರಿಕದ ಜಾರ್ಜಿಯಾ ರಾಜ್ಯದ ಟಿಫ್ಟನ್‌ನಲ್ಲಿ ರೂಪುಗೊಂಡದ್ದು; ನಮ್ಮ ಗರಿಕೆ ಆಫ್ರಿಕಾದ ತನ್ನ ದಾಯಾದಿಯೊಂದಿಗೆ ಬೆರೆತು ಹುಟ್ಟಿದ ಸಂಕರ. ಅದು ಬಂಜೆ. ಬಳ್ಳಿಯ ತುಂಡು ನೆಟ್ಟೇ ಹಬ್ಬಿಸಬೇಕು.

ಪೊಟ್ಟಣದ ಮೇಲಿನ ಚಿತ್ರ ನೋಡಿ ಮರುಳಾಗುವವರೂ ಇದ್ದಾರೆ. ಕೆಂಟಕಿ ಬ್ಲೂಗ್ರಾಸ್‌ನಂಥವು ಚಳಿಸೀಮೆಯ ಹುಲ್ಲುಗಳು. ಬಯಲುಸೀಮೆಯ ಏಪ್ರಿಲ್ ಬಿಸಿಲಿಗೆ ಸೊರಗುತ್ತವೆ. ಗರಿಕೆಗೆ ಆ ಬಿಸಿಲೇ ಹಬ್ಬ. ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು. ಮಾವಿನ ಮರದ ಬುಡದಲ್ಲಿ ಅದನ್ನು ಬಿತ್ತುವುದು ದಂಡ.

ಕೆಲಸವೆಲ್ಲ ಇರುವುದು ಬೀಜಕ್ಕಿಂತ ಮೊದಲು. ಮನೆ ಕಟ್ಟಿ ಮುಗಿದ ಅಂಗಳವನ್ನು ಅಗೆದರೆ ಸಿಗುವುದು ಜಲ್ಲಿ, ಗಾರೆ ಚೂರು, ಹೆಂಟೆ. ಅರ್ಧ ಅಡಿ ಅಗೆದು ಅದನ್ನೆಲ್ಲ ಆರಿಸಿ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಬೇಕು. ಹಸಿ ಗೊಬ್ಬರ ಹಾಕಿದರೆ ಹುಲ್ಲಿಗಿಂತ ಮೊದಲು ಅದರೊಳಗಿನ ಕಳೆ ಬೀಜಗಳು ಏಳುತ್ತವೆ. ಮಟ್ಟ ಮಾಡುವಾಗ ನೀರು ಗೋಡೆಯ ಕಡೆ ಹರಿಯದಂತೆ ತುಸು ಇಳಿಜಾರು ಕೊಡುವುದು ಜಾಣತನ. ಆಮೇಲೆ ತಕ್ಷಣ ಬಿತ್ತುವ ಆತುರ ಬೇಡ. ಬರಿ ನೆಲಕ್ಕೇ ಎರಡು ವಾರ ನೀರು ಹಾಕಿದರೆ ಮಣ್ಣೊಳಗೆ ಅಡಗಿದ ಕಳೆಗಳು ತಾವಾಗಿ ತಲೆ ಎತ್ತುತ್ತವೆ. ಕಿತ್ತು ಎಸೆದು, ಮತ್ತೊಮ್ಮೆ ನೀರು ಹಾಕಿ ನೋಡಬೇಕು. ಜೇಕಿನ ಹುಲ್ಲನ್ನಂತೂ ಗಡ್ಡೆ ಸಮೇತ ತೆಗೆಯಬೇಕು. ಮೇಲಿನ ಎಲೆ ಕಿತ್ತವನನ್ನು ಅದು ಮರುವಾರವೇ ಅಣಕಿಸುತ್ತದೆ.

ಬೀಜ ರಾಗಿಗಿಂತ ಎಷ್ಟೋ ಸಣ್ಣದು, ಒಂದು ಕಿಲೋಗೆ ಲಕ್ಷಗಟ್ಟಲೆ. ಸಾವಿರ ಚದರಡಿಗೆ ಅರ್ಧದಿಂದ ಒಂದು ಕಿಲೋ ಸಾಕು; ಮೂವತ್ತು ನಲವತ್ತರ ಸೈಟಿನ ಮುಂದೆ ಉಳಿಯುವ ಇನ್ನೂರು ಚದರಡಿಗೆ ನೂರರಿಂದ ಇನ್ನೂರು ಗ್ರಾಂ. ಇಷ್ಟು ಹಗುರದ್ದನ್ನು ಬರಿಗೈಯಲ್ಲಿ ಎರಚಿದರೆ ಒಂದೆಡೆ ಗುಂಪು, ಇನ್ನೊಂದೆಡೆ ಬೋಳು. ಎಳ್ಳು ಚೆಲ್ಲುವ ರೈತರು ಮರಳು ಬೆರೆಸಿಕೊಳ್ಳುವ ಉಪಾಯ ಇಲ್ಲೂ ನಡೆಯುತ್ತದೆ. ಅರ್ಧ ಬೀಜವನ್ನು ಉದ್ದಕ್ಕೆ, ಉಳಿದರ್ಧವನ್ನು ಅಡ್ಡಕ್ಕೆ ಚೆಲ್ಲಿ, ಮೇಲೆ ಕಡ್ಡಿಪೊರಕೆ ಹಗುರವಾಗಿ ಆಡಿಸಿ, ಹಲಗೆಯಿಂದ ಒತ್ತಿದರಾಯಿತು. ಅರ್ಧ ಸೆಂಟಿಮೀಟರಿಗಿಂತ ಆಳಕ್ಕೆ ಹೋದ ಬೀಜ ಮೇಲೆ ಬರುವುದು ಕಷ್ಟ.

ಜಡಿಮಳೆಯ ದಿನಗಳಲ್ಲಿ ಬಿತ್ತಿದರೆ ಬೀಜ ಚರಂಡಿಗೆ. ಡಿಸೆಂಬರಿನ ಚಳಿಯಲ್ಲಿ ಮೊಳಕೆ ತಡ. ಇನ್ನೊಂದು ಕಾಟ ಇರುವೆಯದು: ಸಾಲು ಕಟ್ಟಿ ಬೀಜ ಹೊತ್ತೊಯ್ಯುತ್ತದೆ. ನೀರನ್ನು ಜರಡಿಮೂತಿಯ ಕ್ಯಾನಿನಲ್ಲಿ ದಿನಕ್ಕೆ ಎರಡು ಮೂರು ಬಾರಿ ಚಿಮುಕಿಸಬೇಕು. ಪೈಪಿನ ಬಾಯಿ ತೆರೆದು ಬಿಟ್ಟರೆ ಬಿತ್ತಿದ್ದೆಲ್ಲ ತಗ್ಗಿಗೆ ಬಂದು ಸೇರುತ್ತದೆ. ಸಿಪ್ಪೆ ತೆಗೆದ ಬೀಜವಾದರೆ ಒಂದೆರಡು ವಾರದಲ್ಲಿ ಕೂದಲೆಳೆಯಂಥ ಹಸಿರು ಕಾಣುತ್ತದೆ, ಸಿಪ್ಪೆ ಇದ್ದದ್ದು ಇನ್ನೂ ಕಾಯಿಸುತ್ತದೆ. ಆಮೇಲೆ ನೀರಿನ ಸರದಿ ಕಡಿಮೆ ಮಾಡಿ, ಕೊಟ್ಟಾಗ ಆಳಕ್ಕೆ ಇಳಿಯುವಂತೆ ಕೊಡಬೇಕು. ಹುಲ್ಲು ಎರಡು ಇಂಚು ದಾಟಿದಾಗ ಮೊದಲ ಕಟಾವು. ಒಂದೇ ಸಲ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಕತ್ತರಿಸಬಾರದು. ಕತ್ತರಿಸಿದ ಮೇಲೇ ಗರಿಕೆ ಎತ್ತರದ ಆಸೆ ಬಿಟ್ಟು ಅಡ್ಡಡ್ಡ ಹರಡಿ, ಬೋಳು ಜಾಗಗಳನ್ನು ತಾನೇ ಮುಚ್ಚುವುದು.

ಹರಡುವ ಆ ಚಾಳಿ ಗೋಡೆಯ ಬದಿಗೆ ಬಂದು ನಿಲ್ಲುವುದಿಲ್ಲ. ಹಾಗಾಗಿ ಅಂಚಿನುದ್ದಕ್ಕೂ ಇಟ್ಟಿಗೆಗಳನ್ನು ನೆಟ್ಟಗೆ ಹುಗಿದಿಡುವುದು ಮೊದಲ ದಿನದ ಕೆಲಸಗಳಲ್ಲೇ ಒಂದು. ಅದನ್ನು ಮರೆತವರು ಮುಂದಿನ ಮಳೆಗಾಲದಲ್ಲಿ ಗುಲಾಬಿ ಪಾತಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ದುಡ್ಡು ಕೊಟ್ಟು ತಂದ ಗರಿಕೆಯನ್ನು ಕುಡುಗೋಲಿನಿಂದ ಕೀಳುತ್ತಿರುತ್ತಾರೆ.