ನಿಮ್ಮ ಮೂಲಪುರುಷ ಯಾರೆಂದು ಹೆಳವರಿಗೆ ಗೊತ್ತು

ಪೌತಿ ಖಾತೆ ಮಾಡಿಸಲು ನಾಡಕಚೇರಿಗೆ ಹೋದವರು ವಂಶವೃಕ್ಷದ ಅರ್ಜಿಯಲ್ಲಿ ಅಜ್ಜನ ಹೆಸರು ಬರೆದು ಪೆನ್ನು ಕಚ್ಚುತ್ತ ನಿಲ್ಲುತ್ತಾರೆ. ಮುತ್ತಜ್ಜನ ಹೆಸರೇನು? ಮನೆಯ ಹಿರಿಯರನ್ನು ಕೇಳಿದರೆ ಅವರು ಜಂತಿ ನೋಡುತ್ತಾರೆ. ಅದೇ ಮನೆಯ ಹತ್ತಾರು ತಲೆಗಳ ಹೆಸರು, ಮೂಲ ಊರು, ಬೆಡಗು, ಮನೆದೇವರು, ಅಣ್ಣತಮ್ಮಂದಿರು ಬೇರೆಯಾಗಿ ಯಾವ ಯಾವ ಊರು ಸೇರಿದರು ಎಂಬ ವಿವರವೆಲ್ಲ ಇನ್ಯಾರದೋ ಗಂಟಿನಲ್ಲಿ ಭದ್ರವಾಗಿರುತ್ತದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ, ಬಳ್ಳಾರಿ ಸೀಮೆಯ ರೈತರಿಗೆ ಆ ಗಂಟಿನವರು ಚೆನ್ನಾಗಿ ಗೊತ್ತು. ಅವರೇ ಹೆಳವರು.

ಹೆಳವರು ಬರುವುದು ಸುಗ್ಗಿ ಮುಗಿದು ಮನೆಯಲ್ಲಿ ಕಾಳು ತುಂಬಿರುವಾಗ. ಮೊದಲೆಲ್ಲ ಎತ್ತಿನ ಮೇಲೆ ಕುಳಿತು, ಕಾಲು ಕಾಣದಂತೆ ಕಂಬಳಿ ಮುಚ್ಚಿಕೊಂಡು, ಗಂಟೆ ಬಾರಿಸುತ್ತ ಅಗಸಿ ದಾಟುತ್ತಿದ್ದರು. ಗಂಟೆಯ ಸದ್ದು ಕೇಳಿದರೆ ಹುಡುಗರು ಎತ್ತಿನ ಹಿಂದೆ, ಹಿರಿಯರು ಕಟ್ಟೆಯ ಮೇಲೆ. ಮನೆಯವರೆಲ್ಲ ಕೂಡಿದ ಮೇಲೆ ದೇವರ ಸ್ತುತಿ, ಅದರ ಬೆನ್ನಿಗೇ ಮೂಲಪುರುಷನ ಹೆಸರು. ಅಲ್ಲಿಂದ ಒಂದೇ ಓಟ. ಇಂಥವನ ಮಗ ಇಂಥವನು, ಅವನಿಗೆ ಮೂವರು ಗಂಡುಮಕ್ಕಳು, ನಡುವಿನವನು ಹೊಳೆ ದಾಟಿ ಹೋದ, ಕಿರಿಯವನು ಇಲ್ಲೇ ಹೊಲ ಮಾಡಿದ.

“ಗೌಡ್ರ, ನಿಮ್ಮ ಮುತ್ತ್ಯಾನ ಮುತ್ತ್ಯಾ ಈ ಊರಾಂವ ಅಲ್ರೀ” ಎಂಬ ಧಾಟಿಯ ಮಾತೊಂದು ಬಂತೆಂದರೆ ಕಟ್ಟೆಯ ಮೇಲಿನ ಗುಸುಗುಸು ನಿಲ್ಲುತ್ತದೆ. ತಾವೇ ಊರಿನ ಆದಿಮ ಒಕ್ಕಲು ಎಂದು ಎದೆಯುಬ್ಬಿಸಿದ್ದವರಿಗೆ ತಮ್ಮ ಹಿರೀಕರು ಬರಗಾಲಕ್ಕೆ ಊರು ಬಿಟ್ಟವರೋ ದಂಡಿಗೆ ಹೆದರಿ ಓಡಿ ಬಂದವರೋ ದಾಯಾದಿ ಜಗಳದಲ್ಲಿ ಮುನಿದು ಬಂದವರೋ ಎಂಬುದು ಅಲ್ಲಿ ತಿಳಿಯುತ್ತದೆ. ಓದಿ ಮುಗಿಸಿದ ಮೇಲೆ ಹಿಂದಿನ ಸಲ ಬಂದುಹೋದ ನಂತರ ಹುಟ್ಟಿದವರ ಹೆಸರನ್ನು ಸೇರಿಸಿಕೊಳ್ಳುತ್ತಾರೆ. ಬಳಿಕ ಕಾಣಿಕೆ: ಜೋಳ, ರೊಕ್ಕ, ಬಟ್ಟೆ, ಅನುಕೂಲಸ್ಥರಾದರೆ ಆಕಳೋ ಕರುವೋ.

ಯಾವ ಹೆಳವರು ಯಾವ ಮನೆಗೆ ಹೋಗಬೇಕೆಂಬುದೂ ಪಿತ್ರಾರ್ಜಿತ ಹಕ್ಕೇ. ತಂದೆಯ ಒಕ್ಕಲುಗಳನ್ನು ಮಕ್ಕಳು ಹೊಲ ಹಂಚಿಕೊಂಡ ಹಾಗೆ ಹಂಚಿಕೊಳ್ಳುತ್ತಾರೆ. ಓಲೆಗರಿ, ತಾಮ್ರಪಟಗಳಲ್ಲಿದ್ದ ವಂಶಾವಳಿಗಳು ಕಾಲಕಾಲಕ್ಕೆ ಕಾಗದದ ದಪ್ಪ ಪುಸ್ತಕಗಳಿಗೆ ಇಳಿದಿವೆ. ಕಾಲಿಲ್ಲದ ಭಕ್ತನಿಗೆ ಬಸವಣ್ಣನವರು ಎತ್ತು ಕೊಟ್ಟು ಈ ಕಾಯಕ ಹಚ್ಚಿದರೆಂದು ಸಮುದಾಯದ ಹಿರಿಯರು ಹೇಳುತ್ತಾರೆ. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಸಂಪುಟಗಳಲ್ಲೂ ಬಳ್ಳಾರಿಯ ಹೆಳವರಿದ್ದಾರೆ. ಕಂಬಳಿಯಲ್ಲಿ ಕಾಲು ಮುಚ್ಚಿಕೊಂಡು ಎತ್ತೇರಿ ಬರುವ ಇವರನ್ನು ಆತ ಹಳ್ಳಿಗಳ ಚರಿತ್ರೆ ಕಾಯುವವರೆಂದೇ ಗುರುತಿಸಿದ.

ಊರು ಕಟ್ಟಿದವರನ್ನು ಹುಡುಕಲು ಬೇರೆ ದಾರಿಗಳಿಲ್ಲವೆಂದಲ್ಲ. ಶಾಸನಗಳಿವೆ, ವೀರಗಲ್ಲುಗಳಿವೆ. ಕರ್ನಲ್ ಮೆಕೆಂಜಿ ಬರೆಯಿಸಿಟ್ಟ ಊರೂರ ವೃತ್ತಾಂತಗಳಾದ ಕೈಫಿಯತ್ತುಗಳಿವೆ, ಕನ್ನಡದವನ್ನು ಎಂ.ಎಂ. ಕಲಬುರ್ಗಿ ಸಂಪಾದಿಸಿಕೊಟ್ಟಿದ್ದಾರೆ. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಕೆ ಹಾಕಿ ಬಳಪದಲ್ಲಿ ಬರೆಯುತ್ತಿದ್ದ ಕಡತಗಳು ಹಳೆಯ ಮನೆಗಳ ಅಟ್ಟದಲ್ಲಿ ಇನ್ನೂ ಸಿಗುವುದುಂಟು. ಹಿಂದಿನ ಮುಂಬೈ ಕರ್ನಾಟಕ ಭಾಗದವರಾದರೆ ಪೇಶ್ವೆ ಕಾಲದ ಮೋಡಿ ಲಿಪಿಯ ಕಾಗದಗಳಿಗೆ ಪುಣೆಯ ದಫ್ತರವನ್ನೂ ನೋಡಬೇಕು. ಆದರೆ ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ, ಸುಮಾರು ಕ್ರಿ.ಶ. 750ರ ವೀರಗಲ್ಲನ್ನೇ ನೋಡಿ. ಹೋರಾಡಿ ಮಡಿದ ಕಿತ್ತಯ್ಯನ ಹೆಸರು ಕಲ್ಲಿನಲ್ಲಿದೆ. ಇಂದು ಹೆಬ್ಬಾಳದಲ್ಲಿರುವ ಯಾವ ಮನೆಗೆ ಆತ ಹಿರಿಯ ಎಂದು ಕಲ್ಲು ಹೇಳುವುದಿಲ್ಲ. ಸತ್ತವನಿಂದ ಬದುಕಿರುವವನವರೆಗೆ ಎಳೆ ಕಡಿಯದಂತೆ ತಂದು ಮುಟ್ಟಿಸುವುದು ಹೆಳವರ ಪುಸ್ತಕವೇ.

ಹಾಗೆಂದು ಅದನ್ನು ಕಣ್ಣು ಮುಚ್ಚಿ ನಂಬುವಂತಿಲ್ಲ. ಕಾಣಿಕೆ ಕೊಡುವ ಮನೆಯ ಮುಂದೆ ನಿಂತು ಆ ಮನೆಯ ಹಿರಿಯನನ್ನು ಹೊಗಳದೆ ಇರಲಾಗುತ್ತದೆಯೇ? ವಲಸೆಯ ಕಥೆಗಳೂ ಒಂದರಂತೆ ಇನ್ನೊಂದು ಇರುತ್ತವೆ. ದಕ್ಷಿಣದ ಆವತಿ ಪ್ರಭುಗಳ ಕಥೆಯಿದೆಯಲ್ಲ, ಹೆಣ್ಣು ಕೇಳಿದ ನಾಯಕನಿಗೆ ಹೆದರಿ ಕಂಚಿಯ ಕಡೆಯಿಂದ ರಾತ್ರೋರಾತ್ರಿ ಗಾಡಿ ಕಟ್ಟಿಕೊಂಡು ಹೊರಟ ರಣಭೈರೇಗೌಡ, ಅವರಿಗೆ ದಾರಿ ಬಿಟ್ಟ ಹೊಳೆ. ಅದೇ ಹೆಣ್ಣು, ಅದೇ ರಾತ್ರಿ, ಅದೇ ಹೊಳೆ ಬೇರೆ ಬೇರೆ ಜಾತಿಗಳ ಕುಲಕಥೆಗಳಲ್ಲೂ ಬರುತ್ತವೆ. ಆದ್ದರಿಂದ ತಿಳಿದವರು ಕಥೆಯನ್ನು ಪಕ್ಕಕ್ಕಿಟ್ಟು ಊರಿನ ಹೆಸರು, ಮನೆದೇವರು, ಬೆಡಗು ಇವನ್ನು ಹಿಡಿಯುತ್ತಾರೆ. ಮೂಲ ಊರಿನ ಗುಡಿಯ ಶಾಸನ, ಅಲ್ಲಿನ ಭೂದಾಖಲೆ, ಅದೇ ಮನೆದೇವರಿಗೆ ನಡೆದುಕೊಳ್ಳುವ ದಾಯಾದಿಗಳು, ಮೂರೂ ಒಂದಕ್ಕೊಂದು ತಾಳೆಯಾದರೆ ಹೆಳವರ ಮಾತಿಗೆ ತೂಕ ಬರುತ್ತದೆ.

ಈಗ ಎತ್ತು ಅಪರೂಪ. ಬೈಕಿನಲ್ಲಿ ಬರುತ್ತಾರೆ, ಕೆಲವರು ವಂಶಾವಳಿಯನ್ನು ಕಂಪ್ಯೂಟರಿಗೂ ಹಾಕಿದ್ದಾರೆ. ಮಕ್ಕಳು ಶಾಲೆ ಕಲಿತು ನೌಕರಿಗೆ, ವ್ಯಾಪಾರಕ್ಕೆ ಹೋಗುತ್ತಿದ್ದಾರೆ. ಅಲೆಮಾರಿಯ ಮಗ ಅಲೆಮಾರಿಯಾಗಿಯೇ ಇರಲಿ ಎಂದು ಬಯಸುವ ಹಕ್ಕು ಯಾರಿಗೂ ಇಲ್ಲ. ಒಕ್ಕಲುಗಳೂ ಬದಲಾಗಿವೆ. ಪಟ್ಟಣ ಸೇರಿದ ಮಗ ಬಾಗಿಲಿಗೆ ಬಂದ ಹೆಳವರನ್ನು ಭಿಕ್ಷುಕರೆಂದು ತಿಳಿದು ಚಿಲ್ಲರೆ ಕೊಟ್ಟು ಕಳಿಸುತ್ತಾನೆ. ಯಾತ್ರಿಕರ ವಂಶಾವಳಿ ಬರೆದಿಡುವ ಹರಿದ್ವಾರದ ಪಂಡಾಗಳ ವಹಿಗಳನ್ನು ಅಮೆರಿಕದ ಯೂಟಾದ ವಂಶಾವಳಿ ಸಂಸ್ಥೆ ದಶಕಗಳ ಹಿಂದೆಯೇ ಮೈಕ್ರೋಫಿಲ್ಮ್ ಮಾಡಿಕೊಂಡಿತು. ನಮ್ಮ ಹೆಳವರ ಪುಸ್ತಕಗಳನ್ನು ಒಂದೊಂದಾಗಿ ಪ್ರತಿ ಮಾಡಿಸುವ ಕೆಲಸವನ್ನು ನಮ್ಮ ವಿಶ್ವವಿದ್ಯಾಲಯಗಳು ಕೈಗೆತ್ತಿಕೊಳ್ಳಬೇಕು. ಆ ಪುಸ್ತಕ ಒಂದು ಕುಟುಂಬದ ಹೊಟ್ಟೆಪಾಡು. ಅವರನ್ನು ಒಪ್ಪಿಸಿ, ತಕ್ಕ ಗೌರವಧನ ಕೊಟ್ಟೇ ಮಾಡಬೇಕು.

ಅಲ್ಲಿಯವರೆಗೆ ಓದುಗರು ಮಾಡಬಹುದಾದ್ದೂ ಇದೆ. ಊರಿನಲ್ಲಿರುವ ಅಣ್ಣನಿಗೋ ಚಿಕ್ಕಪ್ಪನಿಗೋ ಇಂದೇ ಫೋನ್ ಮಾಡಿ, ನಿಮ್ಮ ಮನೆಗೆ ಬರುವ ಹೆಳವರು ಯಾವ ಊರಿನವರೆಂದು ಕೇಳಿಟ್ಟುಕೊಳ್ಳಿ. ಮುಂದಿನ ಸುಗ್ಗಿಗೆ ಅವರು ಬಂದಾಗ ನೀವೂ ಕಟ್ಟೆಯ ಮೇಲೆ ಕೂಡಿ, ಅವರೊಪ್ಪಿದರೆ ಧ್ವನಿಮುದ್ರಿಸಿ, ಮಗನ ಹೆಸರಿನ ಜೊತೆ ಮಗಳ ಹೆಸರನ್ನೂ ಬರೆಸಿ.