ನಾಯಿಯೊಂದಿಗೆ ಕಡಲ ದಂಡೆಗೆ

ಸಂಕ್ರಾಂತಿ ಕಳೆದು ಚಳಿ ಇಳಿಮುಖವಾದಂತೆ ಹುಬ್ಬಳ್ಳಿ-ಧಾರವಾಡದ ಮಂದಿಗೆ ಕಡಲಿನ ನೆನಪಾಗುತ್ತದೆ. ಕಲಘಟಗಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದರೆ ಅಂಕೋಲಾ. ಹುಬ್ಬಳ್ಳಿಯಿಂದ ಸುಮಾರು 130 ಕಿ.ಮೀ. ದಾರಿ. ಅಲ್ಲಿ ಬಲಕ್ಕೆ ಹೊರಳಿದರೆ ಕಾರವಾರ, ಎಡಕ್ಕೆ ಹೊರಳಿದರೆ ಗೋಕರ್ಣ, ಹೊನ್ನಾವರ, ಮುರುಡೇಶ್ವರ. ಈ ದಾರಿಯಲ್ಲಿ ಸಾಗುವ ಕಾರುಗಳ ಕಿಟಕಿಯಿಂದ ಈಗ ನಾಯಿಯ ಮುಖವೂ ಇಣುಕುವುದುಂಟು. ಮನೆಮಂದಿಯೆಲ್ಲ ಹೊರಟಾಗ ಸಾಕಿದ ನಾಯಿಯನ್ನು ಯಾರ ಬಳಿ ಬಿಡುವುದು? ಅದೂ ಬರಲಿ, ಮರಳಿನಲ್ಲಿ ಓಡಲಿ ಎಂಬುದು ಯಜಮಾನರ ಅಕ್ಕರೆ. ಆದರೆ ನಾಯಿಗೂ ಕಡಲ ದಂಡೆಗೂ ಇರುವ ಸಂಬಂಧ ಅಷ್ಟು ಸರಳವಾದುದಲ್ಲ.

ಕಲ್ಲಿನಲ್ಲಿ ಉಳಿದ ಕಾಳಿ

ಕನ್ನಡ ನಾಡಿಗೆ ನಾಯಿಯ ಮೇಲಿನ ಅಕ್ಕರೆ ಹೊಸದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ ಹತ್ತನೆಯ ಶತಮಾನದ ಶಾಸನ ಇದಕ್ಕೆ ಸಾಕ್ಷಿ. ರಾಷ್ಟ್ರಕೂಟರ ಮೂರನೆಯ ಕೃಷ್ಣನ ಪರವಾಗಿ ತಕ್ಕೋಲದಲ್ಲಿ ಚೋಳರೊಡನೆ ಕಾದಿದವನು ಗಂಗರ ಬೂತುಗ. ಅವನ ಕಡೆಯ ವೀರ ಮಣಲೆರನು ತನ್ನ ಪರಾಕ್ರಮಕ್ಕೆ ಮೆಚ್ಚುಗೆಯಾಗಿ ಬೇಡಿದ್ದು ಹೊನ್ನನ್ನಲ್ಲ, ‘ಕಾಳಿ’ ಎಂಬ ಬೇಟೆನಾಯಿಯನ್ನು. ಮುಂದೆ ಹಂದಿಯೊಂದರ ಜೊತೆ ಹೋರಾಡಿ ಕಾಳಿಯೂ ಹಂದಿಯೂ ಒಟ್ಟಿಗೆ ಸತ್ತವು. ಆ ನಾಯಿಗೆ ಕಲ್ಲು ನೆಡಿಸಿ, ಅದರ ಪೂಜೆಗೆ ಭೂಮಿಯನ್ನೂ ಬಿಡಲಾಯಿತು. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಈ ಕಲ್ಲನ್ನು ಕಾಣಬಹುದು.

ಉತ್ತರ ಕರ್ನಾಟಕದ ಹೆಮ್ಮೆಯೆಂದರೆ ಮುಧೋಳ ನಾಯಿ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮುಧೋಳ ಸಂಸ್ಥಾನದ ರಾಜಾ ಮಾಲೋಜಿರಾವ್ ಘೋರ್ಪಡೆಯವರು ಈ ತಳಿಯನ್ನು ಪೋಷಿಸಿ ಬೆಳೆಸಿದರು. 2005ರಲ್ಲಿ ಇದರ ಚಿತ್ರವಿರುವ ಅಂಚೆಚೀಟಿ ಬಂದಿತು. ಮುಂದೆ ಭಾರತೀಯ ಸೇನೆಯೂ ಈ ತಳಿಗೆ ತರಬೇತಿ ನೀಡಿತು. ವಾಸನೆಗಿಂತ ಕಣ್ಣನ್ನು ನಂಬಿ ಬೇಟೆಯಾಡುವ ನಾಯಿ ಇದು. ದೂರದಲ್ಲಿ ಏನಾದರೂ ಚಲಿಸಿದರೆ ಸಾಕು, ಬಾಣದಂತೆ ಹೊರಡುತ್ತದೆ. ಬಯಲುಸೀಮೆಯ ಹೊಲದಲ್ಲಿ ಮೆಚ್ಚುಗೆ ಪಡೆದ ಈ ಗುಣವೇ ಕಡಲ ದಂಡೆಯಲ್ಲಿ ತೊಂದರೆಗೆ ಕಾರಣವಾಗಬಹುದು.

ಬಿಸಿ ಮರಳು, ಉಪ್ಪು ನೀರು

ಮೊದಲು ನಾಯಿಯ ಕಷ್ಟವನ್ನೇ ನೋಡೋಣ. ಮನುಷ್ಯನಂತೆ ನಾಯಿ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಚಾಚಿ ಏದುಸಿರು ಬಿಡುವುದೇ ಮೈಯ ಬಿಸಿ ಇಳಿಸಿಕೊಳ್ಳಲು ಅದಕ್ಕಿರುವ ಮುಖ್ಯ ದಾರಿ. ಕರಾವಳಿಯ ಗಾಳಿಯಲ್ಲಿ ತೇವ ಹೆಚ್ಚು. ಹೀಗಾಗಿ ಧಾರವಾಡದ ಒಣ ಹವೆಯಲ್ಲಿ ನಡೆದ ಈ ಉಪಾಯ ಅಲ್ಲಿ ಅಷ್ಟಾಗಿ ನಡೆಯುವುದಿಲ್ಲ. ಮಧ್ಯಾಹ್ನದ ಮರಳು ಅಂಗಾಲನ್ನು ಸುಡುತ್ತದೆ. ಬಾಯಾರಿದ ನಾಯಿ ಕಡಲ ನೀರನ್ನೇ ಕುಡಿದರೆ ವಾಂತಿ, ಭೇದಿ ಆಗಿ ನೀರಿನಂಶ ಇನ್ನಷ್ಟು ಕಡಿಮೆಯಾಗುತ್ತದೆ. ಬಲೆಯಿಂದ ಬಿಸಾಡಿದ ಮೀನುಗಳೂ ಅಪಾಯವೇ. ಮೈ ಉಬ್ಬಿಸಿಕೊಳ್ಳುವ ಜಾತಿಯ ಮೀನಿನಲ್ಲಿ ಪ್ರಾಣ ತೆಗೆಯುವಷ್ಟು ವಿಷವಿರುತ್ತದೆ.

ಮರಳಿನಡಿಯ ಗೂಡು

ಇದಕ್ಕಿಂತ ದೊಡ್ಡ ಪ್ರಶ್ನೆ ಬೇರೊಂದಿದೆ. ಪ್ರವಾಸಿಗರು ಕಡಲಿಗೆ ಇಳಿಯುವ ಇದೇ ತಿಂಗಳುಗಳಲ್ಲಿ ಕಡಲಿನಿಂದ ಮೇಲೇರಿ ಬರುವ ಅತಿಥಿಯೂ ಒಂದುಂಟು. ಅದೇ ಆಲಿವ್ ರಿಡ್ಲೆ ಕಡಲಾಮೆ. ಕಾರವಾರ, ಅಂಕೋಲಾ, ಹೊನ್ನಾವರದ ದಂಡೆಗಳಿಗೆ ರಾತ್ರಿ ಹೊತ್ತು ಬರುವ ಹೆಣ್ಣಾಮೆ, ಮರಳಿನಲ್ಲಿ ಒಂದೂವರೆ ಅಡಿಯಷ್ಟು ಕುಳಿ ತೋಡಿ ನೂರರ ಆಸುಪಾಸು ಮೊಟ್ಟೆಯಿಟ್ಟು, ಮುಚ್ಚಿ ಕಡಲಿಗೆ ಮರಳುತ್ತದೆ. ಮತ್ತೆ ಅದು ತಿರುಗಿ ನೋಡುವುದಿಲ್ಲ. ಕಾವು ಕೊಡುವುದು ಮರಳಿನ ಬಿಸಿ. ಆ ಬಿಸಿಯ ಮೇಲೆಯೇ ಮರಿ ಹೆಣ್ಣೋ ಗಂಡೋ ಎಂಬುದು ನಿರ್ಧಾರವಾಗುತ್ತದೆ. 45ರಿಂದ 60 ದಿನಗಳಲ್ಲಿ ಮರಿಗಳು ಹೊರಬಂದು, ಹೆಚ್ಚು ಬೆಳಕು ಕಾಣುವ ಕಡಲಿನತ್ತ ತೆವಳುತ್ತವೆ.

ಈ ಒಂದೂವರೆ ತಿಂಗಳಿನಿಂದ ಎರಡು ತಿಂಗಳ ಕಾಲ ಗೂಡಿಗೆ ಕಾವಲು ಯಾರು? ನಾಯಿಯ ಮೂಗಿಗೆ ಮರಳಿನಡಿಯ ವಾಸನೆ ಮುಚ್ಚಿಡಲಾಗದು. ಒಂದು ನಾಯಿ ಕೆಲವೇ ನಿಮಿಷಗಳಲ್ಲಿ ಇಡೀ ಗೂಡನ್ನು ಬಗೆದು ಹಾಕಬಲ್ಲದು. ತೆವಳುವ ಮರಿಯಂತೂ ಚಲಿಸುವ ಆಟಿಕೆ. ಮೊಟ್ಟೆಯೊಡೆದು ಬಂದ ಸಾವಿರ ಮರಿಗಳಲ್ಲಿ ಪ್ರಾಯಕ್ಕೆ ಬರುವುದು ಒಂದೋ ಎರಡೋ ಎಂಬ ಅಂದಾಜಿರುವಾಗ, ಒಂದು ಗೂಡಿನ ನಷ್ಟವೂ ಸಣ್ಣದಲ್ಲ. ಆದ್ದರಿಂದಲೇ ಅರಣ್ಯ ಇಲಾಖೆಯವರು ಮೀನುಗಾರರ ನೆರವಿನಿಂದ ಗೂಡುಗಳನ್ನು ಗುರುತಿಸಿ ಸುತ್ತಲೂ ಬಲೆ ಕಟ್ಟುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಪಟ್ಟಿಯಲ್ಲಿ ಈ ಆಮೆಗೆ ಸ್ಥಾನವಿದೆ.

ಹೆಚ್ಚಿನ ಹಾನಿ ಮಾಡುವುದು ದಂಡೆಯಲ್ಲೇ ಬೆಳೆದ ಬೀದಿನಾಯಿಗಳು, ನಮ್ಮ ಸಾಕುನಾಯಿಯಲ್ಲ ಎಂದು ವಾದಿಸಬಹುದು. ಅದರಲ್ಲಿ ಸತ್ಯವಿದೆ. ಆದರೆ ಬೀದಿನಾಯಿಗಳ ಸಂಖ್ಯೆ ಹೆಚ್ಚಲು ಪ್ರವಾಸಿಗರು ಬಿಟ್ಟುಹೋಗುವ ಎಂಜಲೂ ಒಂದು ಕಾರಣ. ಹಗ್ಗ ಬಿಚ್ಚಿದ ಸಾಕುನಾಯಿಗೂ ಗೂಡು ಯಾವುದು, ಬರಿ ಮರಳು ಯಾವುದು ಎಂಬ ಭೇದ ತಿಳಿಯದು.

ಬಾವುಟದ ಷರತ್ತು

ಹೊನ್ನಾವರದ ಬಳಿಯ ಕಾಸರಕೋಡಿಗೆ 2020ರಲ್ಲಿ, ಉಡುಪಿ ಜಿಲ್ಲೆಯ ಪಡುಬಿದ್ರಿಯ ಜೊತೆಗೆ, ‘ಬ್ಲೂ ಫ್ಲಾಗ್’ ಎಂಬ ಅಂತರರಾಷ್ಟ್ರೀಯ ಮಾನ್ಯತೆ ದೊರೆಯಿತು. ನೀರಿನ ಶುದ್ಧತೆ, ಸುರಕ್ಷತೆ ಮುಂತಾದ ಷರತ್ತುಗಳ ಜೊತೆಗೆ ನಾಯಿ ಮತ್ತಿತರ ಸಾಕುಪ್ರಾಣಿಗಳ ಪ್ರವೇಶದ ಮೇಲೆ ಕಟ್ಟುನಿಟ್ಟಾದ ಹತೋಟಿ ಇರಬೇಕೆಂಬುದೂ ಇದರ ನಿಯಮ. ಮಕ್ಕಳು ಬರಿಗಾಲಲ್ಲಿ ಆಡುವ ಮರಳಿನಲ್ಲಿ ನಾಯಿಯ ಹೇಲು ಬಿದ್ದರೆ ಕೊಕ್ಕೆಹುಳುವಿನಂಥ ಸೋಂಕು ತಗಲಬಹುದು ಎಂಬುದು ಈ ಹತೋಟಿಗೆ ಒಂದು ಕಾರಣ. ಬ್ರಿಟನ್ನಿನ ಅನೇಕ ಕಡಲೂರುಗಳು ಮಧ್ಯಮಾರ್ಗ ಹಿಡಿದಿವೆ. ಬೇಸಿಗೆಯಲ್ಲಿ ಮುಖ್ಯ ದಂಡೆಗೆ ನಾಯಿ ಬರುವಂತಿಲ್ಲ, ಚಳಿಗಾಲದಲ್ಲಿ ಬರಬಹುದು. ನಮ್ಮಲ್ಲಿ ಈ ಲೆಕ್ಕ ತಿರುವುಮುರುವು. ಆಮೆ ಬರುವುದೇ ಚಳಿಗಾಲದಿಂದ ಬೇಸಿಗೆಯ ಆರಂಭದವರೆಗೆ.

ಹಾಗಾದರೆ ನಾಯಿಯನ್ನು ಮನೆಯಲ್ಲೇ ಬಿಡಬೇಕೆ? ಅಷ್ಟು ಕಠಿಣವಾಗಬೇಕಿಲ್ಲ. ರೇಬೀಸ್ ಲಸಿಕೆ ಹಾಕಿಸಿರಬೇಕು. ಕೊರಳ ಹಗ್ಗ ಕೈಯಲ್ಲೇ ಇರಬೇಕು. ಬೆಳಕಿರುವ ತಂಪು ಹೊತ್ತಿನಲ್ಲಿ, ತೆರೆ ತೊಯಿಸಿದ ಗಟ್ಟಿ ಮರಳಿನ ಮೇಲಷ್ಟೇ ನಡೆಸಬೇಕು, ಏಕೆಂದರೆ ಆಮೆ ಗೂಡು ಮಾಡುವುದು ತೆರೆ ಮುಟ್ಟದ ಮೇಲಿನ ಒಣ ಮರಳಿನಲ್ಲಿ. ಬಲೆ ಕಟ್ಟಿದ ಜಾಗ ಕಂಡರೆ, ಮೀನುಗಾರ ಹೆಂಗಸರು ಮೀನು ಒಣಹಾಕಿದ್ದು ಕಂಡರೆ ದೂರ ಸರಿಯಬೇಕು. ಕುಡಿಯುವ ನೀರು ಜೊತೆಗಿರಬೇಕು, ಹೇಲನ್ನು ಎತ್ತಿ ಒಯ್ಯಬೇಕು.

ಅರಬೈಲ್ ಘಟ್ಟ ಇಳಿದು ಬಂದ ನಾಯಿಗೆ ಕಡಲು ಒಂದು ದಿನದ ಸಂಭ್ರಮ. ಮರಳಿನಡಿಯ ಮೊಟ್ಟೆಗಾದರೋ ಅದೇ ದಂಡೆ ಬದುಕಿನ ಏಕೈಕ ಆಸರೆ. ಇವೆರಡಕ್ಕೂ ಜಾಗ ಉಳಿಯುವುದು ಹಗ್ಗ ಹಿಡಿದವರ ಕೈಯಲ್ಲಿದೆ.